ಹತ್ತಿಯ ಕೋಣೆ

"ಎಳೀಬೇಡ್ವೇ ಗುಬ್ಬಿ, ತೋಳು ಬಗ್ಗಲ್ಲ. ಅಂಗಿ ಬೆನ್ನು ಕತ್ತರಿಸಿಬಿಡು," ಎಂದಳು ಅಕ್ಕ.

ಗುಬ್ಬಿ ಅಪ್ಪನ ದೊಡ್ಡ ಕತ್ತರಿಯನ್ನೇ ತಂದು, ಹೊಸ ಅಂಗಿಯನ್ನು ಕಾಲರಿನಿಂದ ಕೆಳತನಕ ಸೀಳಿದಳು. ಇಬ್ಬರೂ ಸೇರಿ ಅದನ್ನು ಅಪ್ಪನ ಸೆಟೆದ ಶವಕ್ಕೆ ಮುಂದಿನಿಂದ ತೊಡಿಸಿ, ಅಂಚುಗಳನ್ನು ಬೆನ್ನಡಿಗೆ ತುರುಕಿದರು. ಮೇಲಿಂದ ನೋಡಿದವರಿಗೆ ಏನೂ ಗೊತ್ತಾಗುವಂತಿರಲಿಲ್ಲ. ಗುಬ್ಬಿಗೆ ಅಳು ಬರಲಿಲ್ಲ. ಹಲ್ಲು ಕೀಳುವ ಮುಂಚೆ ಕೊಡುವ ಚುಚ್ಚುಮದ್ದು ಮೈಗೆಲ್ಲ ಹರಡಿದ ಹಾಗಿತ್ತು. ಅಪ್ಪನ ಮುಖ ನೋಡಿ ವರ್ಷಗಳೇ ಆಗಿದ್ದವು.

ಅಪ್ಪ ಹಾಸಿಗೆ ಹೊಲಿಯುತ್ತಿದ್ದವನು. ಮುಂದಿನ ಕೋಣೆಯೇ ಅಂಗಡಿ. ಹಿಂದೆ, ಹತ್ತಿ ತುಂಬಿಡುವ ಕಿಟಕಿಯಿಲ್ಲದ ಕೋಣೆ. ಆ ಬೀದಿಯಲ್ಲಿ ಅವನ ಕೈಯ ಹಾಸಿಗೆಯ ಮೇಲೆ ಮಲಗದವರು ಕಡಿಮೆ.

"ನನ್ನ ಮದುವೆ ಹಾಸಿಗೆ ಇವರೇ ಹೊಲಿದುಕೊಟ್ಟಿದ್ದು," ಎಂದ ಪಕ್ಕದ ಬೇಕರಿಯವನು, ಕುರ್ಚಿಗಳನ್ನು ಸರಿಸುತ್ತ. "ಹೆಂಡತಿ ಬಿಟ್ಟುಹೋದ್ಲು, ಹಾಸಿಗೆ ಮಾತ್ರ ಇವತ್ತಿಗೂ ಒಂದು ಗಂಟು ಕಟ್ಟಿಲ್ಲ."

ನಗಬೇಕೋ ಬೇಡವೋ ತಿಳಿಯದೆ ಕೂತವರು ಕೆಮ್ಮಿದರು.

*

ಮುಚ್ಚಿದ ಜಾಗಗಳಲ್ಲಿ ಉಸಿರುಕಟ್ಟುತ್ತದೆಂದು ಗುಬ್ಬಿ ಹಿಂದೊಮ್ಮೆ ಆಪ್ತಸಲಹೆಗಾರ್ತಿಯೊಬ್ಬಳ ಬಳಿ ಹೋಗಿದ್ದಳು. ಇಳಿಬಿಟ್ಟ ಪರದೆ, ಮೆತ್ತನೆಯ ದನಿ.

"ಕತ್ತಲೆ. ಮೂಗಲ್ಲಿ ಹತ್ತಿ, ಬಾಯಲ್ಲಿ ಹತ್ತಿ," ಎಂದಿದ್ದಳು ಗುಬ್ಬಿ ಕಣ್ಣುಮುಚ್ಚಿ.

"ಬಾಗಿಲಾಚೆ ಯಾರೋ ಇರ್ಬೇಕಲ್ವಾ? ಅವಸರ ಇಲ್ಲ, ನೋಡಿ."

ಮೊದಮೊದಲು ಯಾರೂ ಇರಲಿಲ್ಲ. ಕೆಲವು ವಾರ ಕಳೆದ ಮೇಲೆ ಒಂದು ನೆರಳು ಬಂತು. ಆಮೇಲೆ ನೆರಳಿಗೆ ಕೈ ಬಂತು. ಬೆರಳಿಗೆ ಹೊಲಿಯುವಾಗ ಹಾಕುವ ಹಿತ್ತಾಳೆಯ ಟೊಪ್ಪಿ ಬಂತು. ಆ ಕೈ ಹೊರಗಿನಿಂದ ಚಿಲಕ ಹಾಕಿತು.

ಅವಳು ನೇರ ಮನೆಗೆ ಬಂದು ಕೇಳಿದಳು: "ನನ್ನನ್ನ ಹತ್ತಿ ಕೋಣೇಲಿ ಕೂಡಿಹಾಕಿದ್ದು ನೀವೇ ಅಲ್ವಾ?"

ಅಪ್ಪನ ಸೂಜಿ ಅರ್ಧಕ್ಕೇ ನಿಂತಿತು. "ನಿಂಗೆ ಅಷ್ಟು ಚೆನ್ನಾಗಿ ಕಾಣಿಸ್ತಿದೆಯಾ ಮಗಳೇ?"

"ಕಾಣಿಸ್ತಿದೆ."

"ಹಾಗಾದ್ರೆ ಹಾಕಿರ್ಬೇಕು. ನೀನು ಸುಳ್ಳು ಹೇಳೋಳಲ್ಲ."

ಒಪ್ಪಿಕೊಂಡನಲ್ಲ, ಅವಳಿಗೆ ಅಷ್ಟೇ ಸಾಕಾಗಿತ್ತು. ಚಪ್ಪಲಿ ಮೆಟ್ಟಿಕೊಂಡು ಹೊರಟವಳು ಮತ್ತೆ ಈ ಹೊಸ್ತಿಲು ತುಳಿದದ್ದು ಇವತ್ತೇ.

*

ಸ್ಮಶಾನಕ್ಕೆ ಒಯ್ಯುವ ವ್ಯಾನು ಬರುವುದು ತಡವಾಯಿತು. ಗುಬ್ಬಿ ಎದ್ದು ಹಿಂದಿನ ಕೋಣೆಗೆ ಹೋದಳು. ಅಲ್ಲಿ ಬಾಗಿಲೇ ಇರಲಿಲ್ಲ, ಬರೀ ಚೌಕಟ್ಟು.

"ನೀನು ಹೋದ್ಮೇಲೆ ಅಪ್ಪ ಕಿತ್ತುಹಾಕಿದ್ರು," ಎಂದಳು ಬೆನ್ನ ಹಿಂದೆಯೇ ಬಂದ ಅಕ್ಕ.

"ಒಳ್ಳೇದಾಯ್ತು. ನನ್ನನ್ನ ಒಳಗೆ ಹಾಕಿದ ಬಾಗಿಲು."

"ಒಳಗೆ ಸಿಕ್ಕಿಹಾಕ್ಕೊಂಡಿದ್ದು ನಾನು ಕಣೆ. ನೀನಿನ್ನೂ ತೊಟ್ಟಿಲಲ್ಲಿದ್ದೆ. ಆ ಬಾಗಿಲಿಗೆ ಹೊರಗಡೆ ಚಿಲಕಾನೇ ಇರ್ಲಿಲ್ಲ. ಒಳಗಿನ ಚಿಲಕ ತಾನಾಗೇ ಬಿದ್ದುಬಿಡ್ತು. ಅಪ್ಪ ಸುತ್ತಿಗೆ ತಂದು ಹಲಗೆ ಒಡೆದು, ನನ್ನನ್ನ ಎತ್ಕೊಂಡು ಬೀದಿಗೆ ಓಡಿದ್ರು. ಆಮೇಲೆ ನೀನು ಊಟಕ್ಕೆ ಹಟ ಮಾಡಿದಾಗೆಲ್ಲ ನಾನು ಆ ಕತೆ ಹೇಳ್ತಿದ್ದೆ. ಮೂಗಲ್ಲಿ ಹತ್ತಿ, ಬಾಯಲ್ಲಿ ಹತ್ತಿ ಅಂದ್ರೆ ಸಾಕು, ನೀನು ಬಾಯಿ ತೆಗೀತಿದ್ದೆ."

"ಆ ಹಾಳು ಚಿಲಕಾನಾ?" ಎಂದ ನೀರಿಗೆಂದು ಒಳಬಂದಿದ್ದ ಬೇಕರಿಯವನು. "ನಾನೂ ಒಂದ್ಸಲ ಸಿಕ್ಕಿಹಾಕ್ಕೊಂಡಿದ್ದೆ. ತುಕ್ಕು ಹಿಡಿದು, ಬಿದ್ರೆ ಏಳ್ತಾನೇ ಇರ್ಲಿಲ್ಲ."

ಗುಬ್ಬಿ ಚೌಕಟ್ಟನ್ನು ಸವರಿದಳು. ಹೊರಮೈ ನುಣ್ಣಗಿತ್ತು. ಚಿಲಕದ ತೂತು ಒಳಬದಿಗಿತ್ತು.

"ಮತ್ತೆ ಅಪ್ಪ ಯಾಕೆ ಒಪ್ಕೊಂಡ್ರು?"

"ಮೊದಲು ನೀನು ಹೇಳ್ದೆ ಅಂತ ಒಪ್ಕೊಂಡ್ರು. ಆಮೇಲೆ ಇಲ್ಲೇ ಕೂತು ಯೋಚ್ನೆ ಮಾಡ್ತಾ ಮಾಡ್ತಾ... ಒಂದಿನ ಬಂದು, 'ನಂಗೂ ನೆನಪಾಯ್ತು ಕಣೆ. ಗುಬ್ಬಿ ಒಳಗಿಂದ ಬಡೀತಿದ್ಲು, ನಾನು ತೆಗೀಲಿಲ್ಲ' ಅಂದ್ರು. ಹಾಗಲ್ಲಪ್ಪ ಅಂತ ಎಷ್ಟು ಬಡ್ಕೊಂಡ್ರೂ ಕೇಳ್ಲಿಲ್ಲ. ಹಾಗೇ ನಂಬ್ಕೊಂಡು ಹೋದ್ರು."

"ನಂಗೆ ಯಾಕೆ ಹೇಳ್ಲಿಲ್ಲ?"

"ಫೋನ್ ಎತ್ತಿದ್ಯಾ ನೀನು?"

ಹೊರಗೆ ವ್ಯಾನಿನ ಹಾರ್ನ್ ಕೇಳಿಸಿತು.

ಅಪ್ಪನ ಒಂದು ಬದಿಗೆ ಅಕ್ಕ, ಇನ್ನೊಂದು ಬದಿಗೆ ಗುಬ್ಬಿ ಕೂತರು. ಡ್ರೈವರ್ ಹಿಂದಿನ ಬಾಗಿಲು ಹಾಕಿದ. ಗುಬ್ಬಿ ಕಣ್ಣುಮುಚ್ಚಿ, ಇನ್ನೇನು ಉಸಿರುಕಟ್ಟುತ್ತದೆ, ಆ ಕೈ ಬರುತ್ತದೆ ಎಂದು ಕಾದಳು. ಕೈ ಬಂತು. ಅದರಲ್ಲಿ ಸುತ್ತಿಗೆ ಇತ್ತು. ಹಲಗೆ ಸೀಳಿತು, ಬೆಳಕು ನುಗ್ಗಿತು, ಹತ್ತಿ ಹಾರಾಡಿತು. ಅಪ್ಪ ಅವಳನ್ನು ಬಾಚಿ ಎತ್ತಿಕೊಂಡು ಬೀದಿಗೆ ಓಡುತ್ತಿದ್ದ. ಅವನ ಕೂದಲ ತುಂಬ ಹತ್ತಿ. ಕೆನ್ನೆಗೆ ಅವನ ಗಡ್ಡ ಚುಚ್ಚುತ್ತಿತ್ತು. ಗಡ್ಡದ ಮಾತನ್ನು ಅಕ್ಕ ಹೇಳಿರಲಿಲ್ಲ.

"ಏನಾಯ್ತೇ?" ಎಂದಳು ಅಕ್ಕ.

ವ್ಯಾನು ತಿರುವಿನಲ್ಲಿ ವಾಲಿತು. ಗುಬ್ಬಿಯ ಅಂಗೈ ಎಡಗೆನ್ನೆಯನ್ನು ಉಜ್ಜುತ್ತಲೇ ಇತ್ತು, ಈಗಷ್ಟೇ ಏನೋ ಚುಚ್ಚಿದ ಹಾಗೆ.