ಎಳ್ಳಿನಷ್ಟು ಹುಳುವಿನ ಹಲ್ಲು

ಮಾರ್ಚ್ ಮೊದಲ ವಾರ ಮಂಡಪಂ ಕಡೆಯ ಹವಳದ ದಿಬ್ಬದಿಂದ ಕಡಲಪಾಚಿಯ ಡಬ್ಬಗಳು ಮದರಾಸಿನ ನಮ್ಮ ಪ್ರಯೋಗಾಲಯಕ್ಕೆ ಬಂದವು. ಅವುಗಳನ್ನು ಮೊದಲು ಶೋಧಿಸಿದವಳು ನಾನು. ನಾನು ಮುಗಿಸಿ ಪಕ್ಕಕ್ಕಿಟ್ಟ ಡಬ್ಬವೊಂದರಲ್ಲಿ, ಮರುವಾರ, ಸಹೋದ್ಯೋಗಿ ಶ್ರೀಪ್ರಿಯಾ ಎರಡು ಹುಳುಗಳನ್ನು ಕಂಡಳು. ಅದಾದ ಮೇಲೆ ಅವು ಯಾವ ಪ್ರಭೇದವೆಂದು ಗುರುತಿಸುವ ಕೆಲಸ ನನ್ನ ಮೇಜಿಗೆ ಬಂತು. ಈ ಕ್ರಮವನ್ನು ಎಷ್ಟು ಬಾರಿ ನೆನೆದರೂ ಮೊದಲ ನೋಟ ನನ್ನದೇ ಆಗಿತ್ತು; ಕಂಡದ್ದು ಮಾತ್ರ ಅವಳಿಗೆ.

ಅವು ಚಿಪ್ಪಿಲ್ಲದ ಕಡಲ ಬಸವನಹುಳುಗಳು. ಗಾತ್ರ ಎಳ್ಳಿನಷ್ಟು, ಬೆನ್ನಿನ ಮೇಲೆ ಎಲೆಯಾಕಾರದ ಪುಟ್ಟ ಮಡಿಕೆಗಳು. ಆ ಕಡಲಿನ ಪರಿಚಿತ ಪ್ರಭೇದ ಅಚ್ಚ ಹಸಿರು. ಇವು ಹಾಲಿನಂಥ ಬಿಳಿ. ಒಂದನ್ನು ಮದ್ಯಸಾರದಲ್ಲಿ ಸಂರಕ್ಷಿಸಲಾಗಿತ್ತು. ಇನ್ನೊಂದು ಶ್ರೀಪ್ರಿಯಾಳ ಗಾಜಿನ ತಟ್ಟೆಯಲ್ಲಿ ಜೀವಂತವಾಗಿತ್ತು.

“ಬಣ್ಣ ಒಂದೇ ಸಾಕು ಡೀ, ಹೊಸದು ತಾನ್,” ಎಂದಳು. ಅವಳ ಮನೆತನ ತಲೆಮಾರುಗಳಿಂದ ಮದರಾಸಿನದು. ನುಂಗಂಬಾಕ್ಕಂನಿಂದ ನಡೆದೇ ಬರುತ್ತಾಳೆ. ನಾನು ಕ್ರೋಂಪೇಟೆಯಿಂದ ಲೋಕಲ್ ರೈಲಿನಲ್ಲಿ ನಿಂತು ಬರುತ್ತೇನೆ.

ಮುಖ್ಯಸ್ಥರಾದ ಕಮಲಾಕರ ಸರ್ ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, “ಕಣ್ಣು ಅಂದ್ರೆ ಇವಳದು ನೋಡಮ್ಮ ಗಗನಾ,” ಎಂದರು. ಹೊಸ ಪ್ರಭೇದವೆಂದು ಖಚಿತವಾದರೆ ಪ್ರಬಂಧದಲ್ಲಿ ಮೊದಲ ಹೆಸರು ಅವಳದೇ ಎಂದೂ ಹೇಳಿದರು. ಖಚಿತಪಡಿಸಬೇಕಾದವಳು ನಾನು. ಅದು ಹಳೆಯ ಪ್ರಭೇದವೇ ಆಗಿರಲಿ ಎಂದು ಬಯಸಿದೆ.

ಅವಳ ತಟ್ಟೆ ಕನ್ನಡಿಯಂತೆ ಹೊಳೆಯುತ್ತಿತ್ತು.

“ಪಾಚಿ ಎಲ್ಲಿ?”

“ದಿನಾ ತೊಳೆದುಬಿಡ್ತೀನಿ. ನಮ್ಮ ಅಜ್ಜಿ, ಪಾಟಿ, ಪಾಚಿ ಕಟ್ಟಿದ ಪಾತ್ರೇನ ಮಡಿನೀರಿನ ಹತ್ರಾನೂ ಬಿಡಲ್ಲ. ನಂಗೂ ಅದೇ ಪಳಕ್ಕಂ, ಅಭ್ಯಾಸ ಆಗಿಹೋಗಿದೆ.”

“ಅದರ ಊಟಾನೇ ಪಾಚಿ ಕಣೆ. ಹುಳದ ಕೈಲೂ ಏಕಾದಶಿ ಮಾಡಿಸ್ಬಿಟ್ಟಿದೀಯ.”

ಅವಳು ನಕ್ಕಳು. “ಹಾಗಾದ್ರೆ ಪಾರಣೆ ನೀನೇ ಮಾಡಿಸು. ಪುಣ್ಯ ಬರತ್ತೆ.”

ಈ ಹುಳುಗಳು ಒಂದೇ ಜಾತಿಯ ಪಾಚಿಯ ರಸ ಹೀರಿ ಅದರ ಹಸಿರನ್ನೇ ಮೈಯಲ್ಲಿ ಇಟ್ಟುಕೊಳ್ಳುತ್ತವೆ, ಉಪವಾಸವಿದ್ದರೆ ಬಿಳಿಚುತ್ತವೆ. ಡಬ್ಬದಲ್ಲಿ ಅವಕ್ಕೆ ಸಿಕ್ಕಿದ್ದು ಬೇರೆ ಪಾಚಿ, ತಟ್ಟೆಯಲ್ಲಿ ಅದೂ ಇಲ್ಲ. ತಟ್ಟೆಗೆ ಅವುಗಳ ಪಾಚಿಯ ತುಂಡೊಂದನ್ನು ಹಾಕಿದೆ. ವಾರ ತುಂಬುವ ಮೊದಲೇ ಮಡಿಕೆಗಳೊಳಗೆ ಹಸಿರು ಹರಡಿತು. ಶ್ರೀಪ್ರಿಯಾ ತಟ್ಟೆಯನ್ನು ಬೆಳಕಿಗೆ ಹಿಡಿದು ಎರಡೆರಡು ಸಲ ನೋಡಿದಳು. ಆಗ ನನಗಾದ ಸುಖ ಎಷ್ಟೆಂದರೆ, ಸಂಜೆ ರೈಲಿನಲ್ಲಿ ಕೂರಲು ಜಾಗ ಸಿಕ್ಕಿದ್ದೂ ಇಳಿಯುವಾಗಲೇ ಗಮನಕ್ಕೆ ಬಂತು.

“ಶರಿ, ಹಳೇದೇ ಅಂತ ಬರೆದುಬಿಡು,” ಎಂದಳು ಮರುದಿನ. ಕಮಲಾಕರ ಸರ್ ಕೂಡ ಬೇಡವೆನ್ನಲಿಲ್ಲ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಹಲ್ಲು ನೋಡದೆ ಗುರುತಿಸುವ ಕೆಲಸ ಮುಗಿಯುವುದಿಲ್ಲ. ಮುಗಿಯಿತೆಂದು ಪಕ್ಕಕ್ಕಿಟ್ಟ ಡಬ್ಬ ಒಂದೇ ನನಗೆ ಸಾಕಾಗಿತ್ತು. ಅಲ್ಲದೆ, ಅವಳ ಸೋಲಿಗೆ ಎರಡನೆಯ ಆಧಾರವೂ ಇರಲಿ ಎಂಬ ಆಸೆಯಿತ್ತು.

ಸಂರಕ್ಷಿತ ಹುಳುವಿನ ಬಾಯಿಯ ಭಾಗವನ್ನು ಬೇರ್ಪಡಿಸಿ, ಮಾಂಸ ಕರಗಿಸಿ, ಒಂದೇ ಸಾಲಿನ ಹಲ್ಲುಗಳನ್ನು ಗಾಜಿನ ಮೇಲೆ ಹರಡಿದೆ. ಪರಿಚಿತ ಪ್ರಭೇದದ ಹಲ್ಲಿನ ಅಂಚು ಗರಗಸದಂತಿರುತ್ತದೆ. ಈ ಅಂಚು ನುಣುಪಾಗಿತ್ತು. ಗರಗಸದ ಕಚ್ಚುಗಳನ್ನು ಕೊಳೆ ಮುಚ್ಚಿರಬಹುದೆಂದು ಮತ್ತೆ ತೊಳೆದೆ. ನುಣುಪು. ಸವೆದಿರಬಹುದೆಂದು, ಇನ್ನೂ ಬಳಕೆಗೆ ಬಾರದ ಎಳೆಯ ಹಲ್ಲುಗಳನ್ನು ನೋಡಿದೆ. ಅವೂ ನುಣುಪು. ಈ ಕುಲದ ಉಳಿದ ಪ್ರಭೇದಗಳ ಚಿತ್ರಗಳನ್ನು ಒಂದೊಂದಾಗಿ ಹೋಲಿಸಿದೆ. ಯಾವುದೂ ಹೊಂದಲಿಲ್ಲ.

ತಪ್ಪು ಕಾರಣ ಹಿಡಿದು ಸರಿಯಾದ ಕಡೆ ತಲುಪಿದ್ದವಳು ಆಗ ಊಟದ ಡಬ್ಬಿ ಬಿಚ್ಚಿ, ಪುಳಿಯೋಗರೆಯಲ್ಲಿ ಕಡಲೆಬೀಜ ಹುಡುಕುತ್ತಿದ್ದಳು.

“ಏನು ಡೀ, ಮುಖ ಹಾಗಿದೆ? ತಿಂತೀಯಾ?”

“ಬೇಡ. ಬರೆಯೋದಿದೆ.”

ವರದಿಯಲ್ಲಿ ಹೀಗೆ ಬರೆದೆ: ಬಿಳಿ ಬಣ್ಣ ಉಪವಾಸದ ಪರಿಣಾಮ, ಪ್ರಭೇದದ ಲಕ್ಷಣವಲ್ಲ. ಹಲ್ಲಿನ ಅಂಚು ನುಣುಪು. ಈವರೆಗೆ ವರ್ಣಿತವಾದ ಯಾವ ಪ್ರಭೇದಕ್ಕೂ ಇದು ಹೊಂದುವುದಿಲ್ಲ. ಮೊದಲು ಕಂಡವರು: ಶ್ರೀಪ್ರಿಯಾ.