ಕಂಪ್ಯೂಟರಿನ ಊರಿನಲ್ಲಿ ಅಮ್ಮ

ನಮ್ಮ ಕಚೇರಿಯಲ್ಲಿ ಒಂದು ಪದ್ಧತಿಯಿದೆ. ಕಂಪ್ಯೂಟರಿನೊಳಗೆ ನಮ್ಮೂರನ್ನೇ ಹೋಲುವ ಹೊಸದೊಂದು ಊರು ಕಟ್ಟಿದಾಗಲೆಲ್ಲ ಪ್ರತಿಯೊಬ್ಬರೂ ತಮ್ಮ ಮನೆಯ ಒಬ್ಬರನ್ನು ಅದರೊಳಗೆ ಕೂರಿಸಬೇಕು. ಅವರದೇ ಬೀದಿ, ಅವರದೇ ವಯಸ್ಸು, ಅವರದೇ ಕಾಯಿಲೆ. ಮಿಕ್ಕ ಲಕ್ಷಾಂತರ ಜನ ಬರೀ ಅಂಕಿಗಳು. ಅವರ ವಿಷಯದಲ್ಲಿ ಯಂತ್ರ ಎಡವಟ್ಟು ಮಾಡಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮನೆಯವರ ವಿಷಯದಲ್ಲಾದರೆ ತಕ್ಷಣ ಬೀಳುತ್ತದೆ. ನಾನು ಕೂರಿಸಿದ್ದು ಅಮ್ಮನನ್ನು: ಗುಡ್ಡದ ಬೀದಿ, ಎಪ್ಪತ್ತು ದಾಟಿದ ವಯಸ್ಸು, ದುರ್ಬಲ ಹೃದಯ.

ಈ ಸಲದ ಕೆಲಸ ಆಂಬುಲೆನ್ಸಿನದು. ಗುಡ್ಡದ ಮೇಲಿನ ಗಾಡಿಯನ್ನು ಅಲ್ಲೇ ಇಡಬೇಕೋ, ಹೊಳೆದಂಡೆಯ ಬಹುಮಹಡಿ ಮನೆಗಳ ಹತ್ತಿರ ಸಾಗಿಸಬೇಕೋ ಎಂದು ಆರೋಗ್ಯ ಇಲಾಖೆ ಕೇಳಿತ್ತು. ಎರಡೂ ಕಡೆಗೆ ಕೊಡಲು ಅವರ ಬಳಿ ಗಾಡಿ ಇರಲಿಲ್ಲ. ಹಳೆಯ ತುರ್ತು ಕರೆಗಳನ್ನು ಓದಿ ಕಲಿತ ನಮ್ಮ ಕೃತಕ ಬುದ್ಧಿಮತ್ತೆ, ಯಾವ ಬೀದಿಯಲ್ಲಿ ಯಾರಿಗೆ ಯಾವಾಗ ಎದೆನೋವು ಬರಬಹುದೆಂದು ಊಹಿಸುತ್ತದೆ. ಆಮೇಲೆ ಗಾಡಿ ಓಡುತ್ತದೆ. ಯಾರು ಉಳಿದರು, ಯಾರು ಹೋದರು ಎಂದು ನಾವು ನೋಡುತ್ತೇವೆ. ಇದನ್ನೇ ಸಾವಿರಾರು ಸಲ ಮಾಡುತ್ತೇವೆ.

ಗಾಡಿಯನ್ನು ಹೊಳೆದಂಡೆಗೆ ಸಾಗಿಸಿದರೆ ಊರಿನ ಒಟ್ಟು ಸಾವು ಕಡಿಮೆಯಾಗುತ್ತಿತ್ತು. ಅಮ್ಮ ಮಾತ್ರ ಮತ್ತೆ ಮತ್ತೆ ಸಾಯುತ್ತಿದ್ದಳು.

"ನಿಮ್ಮಮ್ಮ ಇವತ್ತೂ ಹೋದ್ರಲ್ಲ," ಎಂದ ದಶಾಂಶಣ್ಣ. ಎದುರು ಮೇಜಿನ ಗಣಿತಜ್ಞ. ಕಾಫಿ ಎಷ್ಟು ಬೇಕೆಂದರೂ ದಶಾಂಶದಲ್ಲೇ ಹೇಳುವುದರಿಂದ ಆ ಹೆಸರು. ಕಚೇರಿಯಲ್ಲಿ ಇಂಥ ತಮಾಷೆ ಮಾಮೂಲು. ಕಂಪ್ಯೂಟರಿನ ಹಿಂದಿನ ಊರಿನಲ್ಲಿ ಅವನ ಹೆಂಡತಿ ಸತ್ತಾಗ ನಾನೂ ಹಲ್ಲು ಕಿರಿದಿದ್ದೆ. ಈ ಸಲ ನನಗೆ ಮೈಯೆಲ್ಲ ಉರಿಯಿತು.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಪ್ಪು ಹುಡುಕಿದೆ. ಸಿಕ್ಕಿತು. ಗುಡ್ಡದ ಏರುದಾರಿಯನ್ನು ಯಂತ್ರ ಸಮತಟ್ಟೆಂದುಕೊಂಡಿತ್ತು. ಕೆಳಗಿನಿಂದ ಬರುವ ಗಾಡಿ ಸಲೀಸಾಗಿ ಹತ್ತಿಬಿಡುತ್ತಿತ್ತು. ಸರಿಪಡಿಸಿ ಮತ್ತೆ ಓಡಿಸಿದೆ. ಲೆಕ್ಕ ತಿರುಗಿತು. ಗಾಡಿ ಗುಡ್ಡದಲ್ಲೇ ಇದ್ದರೆ ಒಳ್ಳೆಯದು ಎಂದಿತು ಪರದೆ. ಹಾಲು ಕುಡಿದಷ್ಟು ಸಂತೋಷವಾಯಿತು. ಊಟಕ್ಕೂ ಏಳದೆ ವರದಿ ಬರೆದೆ.

ದಶಾಂಶಣ್ಣ ಅದನ್ನು ಓದಿ ತಲೆ ಕೆರೆದುಕೊಂಡ. "ಗುಡ್ಡದ ಕಡೆ ಹುಡುಕಿದೆ, ತಪ್ಪು ಸಿಕ್ತು, ನಿಲ್ಲಿಸಿಬಿಟ್ಟೆ. ಹೊಳೆದಂಡೆ ಕಡೆ ಹುಡುಕಿದ್ಯಾ?"

"ಅಲ್ಲೇನು ಹುಡುಕ್ಲಿ?"

"ಅಲ್ಲಿ ನಮ್ಮೋರು ಯಾರನ್ನ ಕೂರಿಸಿದೀವಿ, ಹೇಳು ನೋಡೋಣ."

ಯಾರನ್ನೂ ಕೂರಿಸಿರಲಿಲ್ಲ. ನಮ್ಮ ಕಚೇರಿಯವರ ಬಂಧುಬಳಗ ಯಾರೂ ಅಲ್ಲಿರಲಿಲ್ಲ. "ನಿನ್ನ ಕೆಲಸ ನೀನು ನೋಡ್ಕೋ," ಎಂದು ಚೀಲ ಎತ್ತಿಕೊಂಡು ಹೊರಟುಬಿಟ್ಟೆ.

ಮನೆಯಲ್ಲಿ ಅಮ್ಮ ಕಿಟಕಿಯ ಬಳಿ ಕೂತು ನನ್ನದೇ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ನಮ್ಮ ಆಟ ಅವಳಿಗೆ ಗೊತ್ತು.

"ಇವತ್ತು ನಾನು ಬದುಕಿದ್ನಾ?"

"ಬದುಕಿದೆ. ಗಾಡಿ ಇಲ್ಲೇ ಇರುತ್ತೆ."

"ಮತ್ತೆ ಮುಖ ಯಾಕೆ ಗಂಟು ಹಾಕ್ಕೊಂಡಿದೀಯ?"

ಹೇಳಿದೆ. ದಶಾಂಶಣ್ಣನನ್ನು ನಾಲ್ಕು ಮಾತು ಬೈದು ಹೇಳಿದೆ. ಅಮ್ಮ ಸೂಜಿ ಕೆಳಗಿಡಲಿಲ್ಲ.

"ಅಲ್ಲಿ ಯಾರೂ ಇಲ್ಲ ಅಂದ್ರೆ ನನ್ನನ್ನೇ ಕಳಿಸು. ಹೋಗಿ ನೋಡ್ಕೊಂಡು ಬರ್ತೀನಿ. ನಂಗೂ ಈ ಗುಡ್ಡ ಹತ್ತೀ ಹತ್ತೀ ಸಾಕಾಗಿದೆ."

ಮರುದಿನ ಅಮ್ಮನನ್ನು ಹೊಳೆದಂಡೆಯ ಮೇಲುಮಹಡಿಯೊಂದಕ್ಕೆ ಸಾಗಿಸಿದೆ. ಗಾಡಿಯನ್ನು ಗುಡ್ಡದಲ್ಲೇ ಬಿಟ್ಟೆ. ಅಮ್ಮ ಆರಾಮಾಗಿ ಬದುಕಿಕೊಂಡಳು, ಅನುಮಾನ ಬರುವಷ್ಟು ಆರಾಮಾಗಿ. ಅವಳನ್ನು ಬಲ್ಲ ನಾನು ಅದನ್ನು ನಂಬಲಿಲ್ಲ. ಲೆಕ್ಕವನ್ನು ಬಿಚ್ಚಿ ನೋಡಿದರೆ, ಗಾಡಿ ಕಟ್ಟಡದ ಗೇಟು ಮುಟ್ಟಿದ ಕೂಡಲೇ ಯಂತ್ರದ ಗಡಿಯಾರ ನಿಲ್ಲುತ್ತಿತ್ತು. ಗುಡ್ಡದ ಮನೆಗಳಿಗೆ ಆ ಲೆಕ್ಕ ಸಾಕು. ಗೇಟು ದಾಟಿದರೆ ಹಾಸಿಗೆ. ಇಲ್ಲಿ ಲಿಫ್ಟಿಗೆ ಕಾಯಬೇಕು, ಉದ್ದದ ಓಣಿಯಲ್ಲಿ ಬಾಗಿಲು ಹುಡುಕಬೇಕು, ಲಿಫ್ಟು ಕೆಟ್ಟಿದ್ದರೆ ಮೆಟ್ಟಿಲು ಹತ್ತಬೇಕು. ಆ ಹೊತ್ತನ್ನೆಲ್ಲ ಸೇರಿಸಿದೆ.

ಅಮ್ಮ ಸತ್ತಳು. ಮತ್ತೆ ಓಡಿಸಿದೆ, ಮತ್ತೆ ಸತ್ತಳು. ಗುಡ್ಡದಲ್ಲಿ ಗಾಡಿಯಿಲ್ಲದೆ ಸತ್ತದ್ದಕ್ಕಿಂತಲೂ ಹೆಚ್ಚು ಸಲ ಇಲ್ಲಿ ಸತ್ತಳು. ಊರಿನ ಒಟ್ಟು ಲೆಕ್ಕವೂ ಮತ್ತೆ ಹೊಳೆದಂಡೆಯ ಕಡೆಗೇ ತಿರುಗಿತು.

ವರದಿಯನ್ನು ಹಾಗೆಯೇ ಕಳಿಸಿಬಿಡಬಹುದಿತ್ತು. ಕಳಿಸುವ ಆಸೆಯೂ ಆಯಿತು, ಸುಳ್ಳೇಕೆ. ಹೊಳೆದಂಡೆಯವರ ಮೇಲೆ, ದಶಾಂಶಣ್ಣನ ಮೇಲೆ, ಕೊನೆಗೆ ಅಮ್ಮನ ಮೇಲೂ ಸಿಟ್ಟು ಬಂತು. ಹಲ್ಲು ಕಚ್ಚಿಕೊಂಡು ಹೊಸದಾಗಿ ಬರೆದೆ: ಗಾಡಿಯನ್ನು ಹೊಳೆದಂಡೆಗೆ ಸಾಗಿಸುವುದು. ದಶಾಂಶಣ್ಣ ಓದಿದ, ಈ ಸಲ ತಮಾಷೆ ಮಾಡಲಿಲ್ಲ, ನನ್ನ ಮೇಜಿನ ಮೇಲೆ ಒಂದು ಲೋಟ ಕಾಫಿ ಇಟ್ಟು ಹೋದ.

ಸಂಜೆ ಅಮ್ಮನಿಗೆ ಹೇಳಿದೆ.

"ಅಲ್ಲಿರೋ ನಾನು ಬದುಕ್ತೀನಾ?"

"ಹೆಚ್ಚೂಕಮ್ಮಿ ಬದುಕ್ತೀಯ."

"ಇಲ್ಲಿರೋಳು?"

ಹೆದರಿಕೆಯಾಗುತ್ತಿದೆ ಅಮ್ಮಾ ಎಂದೆ. ಅವಳು ನನ್ನ ಬೆನ್ನು ಸವರಿದಳು. ಆಮೇಲೆ ಎದ್ದು ಹೋಗಿ ಕುರ್ಚಿಯಲ್ಲಿ ಕೂತು, ಎದೆಯ ಮೇಲೆ ಕೈಯಿಟ್ಟುಕೊಂಡಳು.

"ನಂಗೆ ಈಗ ಎದೆನೋವು ಬಂತು, ಗಾಡಿ ಬರೋದು ತಡ ಆಗುತ್ತೆ ಅಂತ ಇಟ್ಕೋ. ನಾಲಿಗೆ ಕೆಳಗಿಡೋ ಮಾತ್ರೆ ತಗೊಂಡು ಬಾ. ಬೇಗ."

ನಾನು ಅಡುಗೆಮನೆಗೆ ಓಡಿದೆ. ಮೊದಲು ತೆರೆದದ್ದು ತಪ್ಪು ಕಪಾಟು.