ಎದುರು ಕೂತು ಹಾಡಿದ ಶನಿವಾರ

ಗೊಟ್ಟಿಗೆರೆಯ ನಮ್ಮ ಪಕ್ಕದ ಮನೆಯ ಚಿಕ್ಕಬೈರಪ್ಪನವರಿಗೆ ಜನರ ಕೊರತೆಯೇನೂ ಇಲ್ಲ. ಕೆಳಗೆ ಮಗ ರಘು, ಸೊಸೆ ಮಧುಶ್ರೀ. ಮೇಲೆ ನಾಲ್ಕು ಬಾಡಿಗೆ ಸಂಸಾರ. ಆದರೂ ಹೆಂಡತಿ ತೀರಿಕೊಂಡ ಮೇಲೆ ಎಂಟು ತಿಂಗಳು ಅವರು ರೂಮು ಬಿಟ್ಟು ಬಂದದ್ದೇ ಅಪರೂಪ. ಊಟದ ತಟ್ಟೆ ರೂಮಿಗೆ ಹೋಗುತ್ತಿತ್ತು, ಅರ್ಧಕ್ಕರ್ಧ ಹಾಗೇ ವಾಪಸ್ಸು ಬರುತ್ತಿತ್ತು. ಮಾವ ಹೀಗೇ ಸೊರಗಿ ಹೋಗುತ್ತಾರೇನೋ ಎಂದು ಮಧುಶ್ರೀಗೆ ಭಯ ಹಿಡಿದಿತ್ತು.

ಅವರು ಒಂದು ಕಾಲಕ್ಕೆ ಹೇಗಿದ್ದರು ಅಂದರೆ ಈಗಿನವರು ನಂಬುವುದಿಲ್ಲ. ಈಗ ಅಪಾರ್ಟ್‌ಮೆಂಟ್‌ಗಳು ನಿಂತಿರುವ ಜಾಗದಲ್ಲಿ ಆಗ ರಾಗಿ ಹೊಲ. ಶನಿವಾರ ಸಂಜೆ ಹೊಲದಿಂದ ಬಂದವರು ಕೈಕಾಲು ತೊಳೆದು ಭಜನೆ ಮನೆ ಸೇರುತ್ತಿದ್ದರು. ಎರಡು ಸಾಲಾಗಿ ಎದುರುಬದುರು ಕೂರುವುದು. ಈ ಸಾಲು ಹಾಡಿದ್ದಕ್ಕೆ ಆ ಸಾಲು ಉತ್ತರ ಎತ್ತಬೇಕು. ಇಲ್ಲಿ ಚಿಕ್ಕಬೈರಪ್ಪ, ಅಲ್ಲಿ ಪಿಳ್ಳಣ್ಣ. ಇವರಿಬ್ಬರ ಜಿದ್ದಿನಲ್ಲಿ ಭಜನೆ ಮುಗಿಯುತ್ತಲೇ ಇರಲಿಲ್ಲ. ನಾನು ಅಮ್ಮನ ತೊಡೆಯ ಮೇಲೆ ತೂಕಡಿಸುತ್ತಾ ಕೇಳಿದವಳು. ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

ಒಂದು ದಿನ ಆಶಾ ಕಾರ್ಯಕರ್ತೆ ನಾರಾಯಣಮ್ಮ ಬಂದರು. "ಬದರಿನಾಥ ಮೇಷ್ಟ್ರು ಅಂತ, ಕುಮಾರಸ್ವಾಮಿ ಲೇಔಟಿನೋರು. ಹಾರ್ಮೋನಿಯಂ ತಗೊಂಡು ವಯಸ್ಸಾದೋರ ಮನೆಗೇ ಬಂದು ಹಾಡ್ತಾರೆ. ಕರೀಲಾ?"

ರಘು ಬೇಡವೆಂದು ತಲೆಯಾಡಿಸಿದ. "ಸುಮ್ನೆ ಯಾಕಕ್ಕ? ಮನೇಲಿ ಹೋಮ್ ಥಿಯೇಟರ್ರೇ ಇದೆ. ಅಪ್ಪನಿಗೇ ಅಂತ ಭಕ್ತಿಗೀತೆ ಹಾಕಿದ್ರೆ ಎದ್ದು ಬಾಗಿಲು ಹಾಕ್ಕೋತಾರೆ. ಅವರಿಗೆ ಹಾಡೇ ಬೇಡ."

"ಎಷ್ಟು ಜೋರಾಗಿ ಹಾಕ್ತೀಯಪ್ಪ?"

"ಕಿವಿ ಮಂದ ಅಲ್ವಾ, ಫುಲ್ ವಾಲ್ಯೂಮ್."

ನಾರಾಯಣಮ್ಮನಿಗೆ ನಗು ಬಂತು. "ಕಿವಿ ಮಂದ ಆದೋರಿಗೂ ಜೋರು ಶಬ್ದ ಹಿಂಸೆ ಆಗುತ್ತೆ ರಘು. ಶಬ್ದ ಬೇಡ ಅಂದ್ರೆ ಹಾಡು ಬೇಡ ಅಂತಲ್ಲ. ಆ ಡಬ್ಬ ನಿಮ್ಮಪ್ಪನ ಮುಖ ನೋಡುತ್ತಾ? ಎದುರಿಗೆ ಕೂತು ಹಾಡೋರು ನೋಡ್ತಾರೆ. ಯಾವ ಹಾಡು ಬೇಕು ಅಂತ ಕೇಳ್ತಾರೆ, ಸಾಕಂದ್ರೆ ನಿಲ್ಲಿಸ್ತಾರೆ. ಒಂದ್ಸಲ ನೋಡೋಣ."

ಮಧುಶ್ರೀ ಒಪ್ಪಿದಳು, ಮೇಷ್ಟ್ರಿಗೆ ತಿಳಿಸಿ ಎಂದು ಭಜನೆ ಮನೆಯ ಕಥೆಯನ್ನೂ ಹೇಳಿದಳು. ಶನಿವಾರ ಸಂಜೆ ಹಾಲ್‌ನಲ್ಲಿ ಐದಾರು ಕುರ್ಚಿ ಹಾಕಿದರು, ನಾರಾಯಣಮ್ಮ ಮೇಷ್ಟ್ರನ್ನು ಕರೆತಂದರು. ಮೈಕಿಲ್ಲ, ಸ್ಪೀಕರಿಲ್ಲ. ಸೊಸೆಯ ಬಲವಂತಕ್ಕೆ ಬಂದ ಚಿಕ್ಕಬೈರಪ್ಪ ಗೋಡೆಗೆ ಮುಖ ಮಾಡಿ ಕೂತರು. ಮೇಷ್ಟ್ರು ಎರಡು ಹಾಡು ಹಾಡಿದರೂ ಮುದುಕರು ಮಿಸುಕಲಿಲ್ಲ. ರಘು 'ಹೇಳಲಿಲ್ಲವಾ' ಎನ್ನುವಂತೆ ನಾರಾಯಣಮ್ಮನ ಕಡೆ ನೋಡಿದ.

ಮೂರನೆಯದು ಹಳೆಯ ಭಜನೆ. ಮೇಷ್ಟ್ರು ಮೊದಲ ಸಾಲು ಹಾಡಿ ನಿಲ್ಲಿಸಿದರು. "ಯಜಮಾನ್ರೇ, ಇದಕ್ಕೆ ಉತ್ತರ ಎತ್ತೋರು ನಮ್ಮಲ್ಲಿ ಯಾರೂ ಇಲ್ಲ," ಎಂದು ಸುಮ್ಮನೆ ಕಾದರು.

ಗೋಡೆಯ ಕಡೆಯಿಂದ ದನಿ ಬಂತು. "ಹಂಗ್ ಓಡಿದ್ರೆ ಯಾರು ಉತ್ತರ ಕೊಡ್ತಾರೆ ಸ್ವಾಮಿ? ನಿಧಾನಕ್ಕೆ ಹೇಳಿ." ಚಿಕ್ಕಬೈರಪ್ಪ ಕುರ್ಚಿ ತಿರುಗಿಸಿದ್ದರು.

ಮೇಷ್ಟ್ರು ನಿಧಾನವಾಗಿ ಹಾಡಿದರು. ಇವರು ಒಡಕು ದನಿಯಲ್ಲಿ ಉತ್ತರ ಎತ್ತಿದರು. ಎರಡು ಸಾಲಿಗೆ ಮರೆತುಹೋಯಿತು. "ಮುಂದಿಂದು ಪಿಳ್ಳಣ್ಣಂಗೆ ಗೊತ್ತು."

"ಫೋನ್ ಮಾಡ್ಲಾ ಅಪ್ಪ?"

"ಬ್ಯಾಡ. ನಾನೇ ಹೋಗಿ ಕರ್ಕೊಂಡ್ ಬರ್ತೀನಿ."

ಎಂಟು ತಿಂಗಳ ಮೇಲೆ ಅವರು ಗೇಟು ದಾಟಿದರು. ಹಿಂದಿನ ಬೀದಿಯಲ್ಲೇ ಇರುವ ಪಿಳ್ಳಣ್ಣನನ್ನು ಕೈಹಿಡಿದು ಕರೆತಂದು ಎದುರಿಗೆ ಕೂರಿಸಿಕೊಂಡರು. ಒಬ್ಬರು ಮರೆತದ್ದನ್ನು ಇನ್ನೊಬ್ಬರು ಎತ್ತಿಕೊಡುತ್ತಾ ಎಂಟು ಗಂಟೆಯವರೆಗೆ ಹಾಡಿದರು.

ರಘು ಹತ್ತಿರ ಬಂದ. "ಅಪ್ಪ, ಊಟ ರೂಮಿಗೆ ತರ್ಲಾ?" ಎಂದ.

"ಇಲ್ಲೇ ಹಾಕ್ಸು. ಪಿಳ್ಳಣ್ಣಂಗೂ."

ಮಧುಶ್ರೀ ಅಡುಗೆಮನೆಗೆ ಹೋಗಿ ಅತ್ತಳು. "ಮುಂದಿನ ಶನಿವಾರಾನೂ ಬನ್ನಿ ಸಾರ್," ಎಂದು ಮೇಷ್ಟ್ರನ್ನು ಕೇಳಿದವನು ರಘುವೇ.

ಓದುಗರೇ, ಹಾಡು ಔಷಧಿಗೆ ಬದಲಲ್ಲ. ಹಿರಿಯರು ಊಟ, ನಿದ್ದೆ ಬಿಟ್ಟು ಮಂಕಾಗಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. ಅದರ ಜೊತೆಗೆ ವಾರಕ್ಕೊಂದು ಗಂಟೆ, ನಾಲ್ಕು ಕುರ್ಚಿ, ಮೈಕಿಲ್ಲದ ಒಂದು ದನಿ ಯಾವ ಮನೆಗೂ ಭಾರವಲ್ಲ. ಹಾಡುವವರು ಸಿಗದಿದ್ದರೆ ನೀವೇ ಎದುರು ಕೂತು ಅವರ ಕಾಲದ ಹಾಡಿನ ಒಂದು ಸಾಲು ಹಾಡಿ. ತಪ್ಪಾಗಿ ಹಾಡಿದರೂ ಚಿಂತೆಯಿಲ್ಲ, ತಿದ್ದುವುದಕ್ಕಾದರೂ ಅವರು ಬಾಯಿ ತೆರೆಯುತ್ತಾರೆ.